ಮೂರು ಚುಕ್ಕಿ

ವಾಸ್ಕೋ, ಮಾಂಗೋರ್ ಇಳಿಜಾರು. ಹಿಂದಿನ ಗಾಲಿಗೆ ಕಲ್ಲು ಕೊಟ್ಟೀನಿ.
ಎರ್ಮೆಲಿಂದಾ ಬಾಯಿಯ ಹಳೇ ಮಾರುತಿ:
ಬ್ರೇಕ್ ಒತ್ತಿದರ ಸ್ಟೇರಿಂಗ್ ನಡಗತೈತಿ ಅಂತಾಳ.

ಕ್ಯಾಲಿಪರ್ ಬಿಚ್ಚಿ ತಂತೀಲೆ ಸ್ಪ್ರಿಂಗಿಗೆ ಕಟ್ಟು, ಪರಸ್ಯಾ.
ಹೋಸಿಗೆ ಜೋತುಬಿಡಬ್ಯಾಡ,
ಕೂಸಿನ್ನ ಒಂದ ಕೈ ಹಿಡದು ಎತ್ತಿದಂಗ ಅದು.

ಕಾಟರ್ ಪಿನ್ ಪುಡಿಯಾಗಿ ಉದುರ್ತು.
ಪಾನಾಕ್ಕ ಪೈಪ್ ಹಾಕಿ, ಮ್ಯಾಲೆ ನಿಂತು, ನಟ್ ಬಿಚ್ಚೀನಿ.
ಕಡಲಗಾಳಿ, ಬಂದರದ ಅದಿರಿನ ಧೂಳು
ಕೂಡಿ ಬೆಸಗಿ ಹಾಕ್ಯಾವ.
ಹಬ್ ಜಗ್ಗಿದರ ಕಾರೇ ಬರತೈತಿ.

ಸೀಮೆಎಣ್ಣಿ ಬಿಟ್ಟು ಚಾ ಕುಡಿದ್ವಿ.
ಮತ್ತ ಸುತ್ತಿಗಿ. ಒಂದ ಕಡೆ ಅಲ್ಲೋ,
ಸುತ್ತಲೂ, ತಿರುಗಿಸಿಕೋತ, ಬೈಕೋತ,
ಹ್ಞಾಂ
ಬಂದು ಎದಿಗೇ ಬಡೀತು.

ಹಿಂದಿನ ನಾಕು ಬೋಲ್ಟ್ ತಗದು, ಜಿಡ್ಡು ಒರಸಿದರ
ಹಬ್ಬಿನ ಅಂಚಿಗೆ ಪಂಚಿನ ಮೂರು ಚುಕ್ಕಿ,
ಎಡಕ್ಕ ವಾಲಿದ್ದು.
ಎಡಚ ದಸ್ತಗೀರ್ ಉಸ್ತಾದನ ಕೈ!
ಪಗಾರದ ಪುಸ್ತಕಕ್ಕ ಹೆಬ್ಬೆಟ್ಟು ಒತ್ತುತ್ತಿದ್ದವ
ಸಹಿ ಇಲ್ಲಿ ಮಾಡಿಟ್ಟಾನ, ಗ್ರೀಸಿನ ಕೆಳಗ.

ಸವೆದ ಡಿಸ್ಕ್ ಗುಜರಿಗೆ.
ಹೊಸಾದರ ಮ್ಯಾಲೆ, ಅವನ ಚುಕ್ಕಿಗೆ ಎದುರಾಗಿ,
ನಾನೂ ಮೂರು ಹೊಡದ್ನಿ.
ನಂದು ಬಲಗೈ.
ನೆಟ್ಟಗ ಕುಂತ್ವು.