ಹಾರ್ಡ್ ಬ್ಲಾಕ್

ಮಲ್ಪೆಯಲ್ಲಿ ವಯರ್‌ಲೆಸ್ ಅಂದರೆ ಬೋಟಿನದು.
ಕರಕರ ಕೆಮ್ಮಿ, ನಡುವೆ ಯಾರದೋ ಹೆಸರು ಹೇಳಿ,
ಬಂಗುಡೆ ಎಷ್ಟು ಬುಟ್ಟಿ ಎಂದು ಹೇಳದೆ ಸುಮ್ಮನಾಗುವಂಥದ್ದು.
ಲ್ಯಾಪ್‌ಟಾಪಿನ ಹೊಟ್ಟೆಯಲ್ಲೂ ಒಂದು ಉಂಟು,
ಎರಡು ಬೆರಳಗಲದ ಹಸಿರು ಚೂರು, ಅಂತ ನನಗೆ
ಹೇಳಿದ್ದು ಹೂಡೆಯ ಅಫ್ವಾನ್.
ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿಕೊಟ್ಟು
"ಹಗುರ ಉಂಟಕ್ಕ, ಹಳೇ ಮಿಷನ್ನಿಗೆ ಇದೇ ಸರಿ" ಎಂದು
ಒಂದು ಪ್ಲೇಟು ಗೋಳಿಬಜೆ ತಿಂದು ಹೋದವನು
ಮರುದಿನ ಫೋನೇ ಎತ್ತಲಿಲ್ಲ.
ಅವನ ಅಕ್ಕನ ಮದುವೆ, ಆಮೇಲೆ ಗೊತ್ತಾಯಿತು.

ಐಸ್ ಪ್ಲಾಂಟಿನ ಆಫೀಸು. ಆಫೀಸೆಂದರೆ
ಒಂದು ಮೇಜು, ಒಂದು ಕಿಟಕಿ, ಕಿಟಕಿಯಾಚೆ ಕ್ರಷರ್.
ಪರದೆಯ ಮೂಲೆಯಲ್ಲಿ ಬೀಸಣಿಗೆಯಂಥ ಗುರುತು ಇರಬೇಕಿತ್ತಂತೆ.
ಅಲ್ಲಿ ಏನೂ ಇಲ್ಲ.
ಇಲ್ಲದ್ದನ್ನು ಒತ್ತುವುದು ಹೇಗೆ?

ಕಪ್ಪು ಕಿಟಕಿ ತೆರೆದೆ. ಅಲ್ಲಿ ಮೊದಲ ಮಾತೇ ಸುಡೋ.
ಯಾರನ್ನು, ಯಾಕೆ, ಅಂತಿಲ್ಲ.
ಯಜಮಾನನ ಅಧಿಕಾರದಲ್ಲಿ ಎಂದು ಅರ್ಥವಂತೆ.
ನಮ್ಮ ಯಜಮಾನರ ಬಾಯಲ್ಲೂ
ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಪಾಸ್‌ವರ್ಡ್ ಕೇಳಿತು. ಒತ್ತಿದೆ. ಒಂದು ಚುಕ್ಕಿಯೂ ಮೂಡಲಿಲ್ಲ.
ಕೀಬೋರ್ಡು ಸತ್ತಿತೆಂದು ಮಗುಚಿ ತಟ್ಟಿದೆ;
ಒಂದು ಸಿಗಡಿಯ ಮೀಸೆ ಉದುರಿತು.
ಮೂರನೇ ದಿನ ತಿಳಿಯಿತು, ಅದು ಕೇಳಿಸಿಕೊಳ್ಳುತ್ತದೆ,
ತೋರಿಸಿಕೊಳ್ಳುವುದಿಲ್ಲ.
ಅಂಥ ಜನ ನಮ್ಮಲ್ಲೂ ಉಂಟು.

ಫರ್ಮ್‌ವೇರ್ ಇಲ್ಲ ಎಂದಿತು ಒಂದು ಸಾಲು.
ಎಲ್ಲಿ ಸಿಗುತ್ತದೆ? ನೆಟ್ಟಿನಲ್ಲಿ.
ನೆಟ್ ಯಾವಾಗ ಬರುತ್ತದೆ? ಫರ್ಮ್‌ವೇರ್ ಬಂದಾಗ.
ಕೀಲಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು ಬೀಗ ಒತ್ತಿದವರು ಯಾರು ಮಾರಾಯ್ರೆ?
ಕೊನೆಗೆ ಫೋನಿಗೂ ಇದಕ್ಕೂ ಚಾರ್ಜರಿನ ವಯರು ಸಿಕ್ಕಿಸಿ
ಫೋನಿನ ನೆಟ್ಟನ್ನೇ ಹನಿಹನಿ ಇಳಿಸಿದೆ.
ವಯರ್‌ಲೆಸ್ಸಿಗೂ ಹುಟ್ಟುವಾಗ ಒಂದು ವಯರು ಬೇಕು,
ನಮಗೆಲ್ಲ ಬೇಕಿದ್ದ ಹಾಗೆ.

ಆಫ್ ಮಾಡಿ ಆನ್ ಮಾಡಿದೆ. ಇಜ್ಜಿ.
ಇನ್ನೊಂದು ಆಜ್ಞೆ ಕೊಟ್ಟೆ. ಎರಡು ಸಾಲು ಬಂತು:
ಸಾಫ್ಟ್ ಬ್ಲಾಕ್, ನೋ.
ಹಾರ್ಡ್ ಬ್ಲಾಕ್, ಎಸ್.

ಇಪ್ಪತ್ತೆರಡು ವರ್ಷ ಐಸಿನ ಲೆಕ್ಕ ಬರೆದವಳು ನಾನು.
ಹಾರ್ಡ್ ಬ್ಲಾಕ್, ಎಸ್ ಅಂದರೆ ಇಲ್ಲಿ ಒಳ್ಳೆ ಸುದ್ದಿ,
ಹೊಗೆಯಾಡುವ ಬಿಳಿ, ಬೋಟಿನ ಹೊಟ್ಟೆಯಲ್ಲಿ ವಾರ ನಿಲ್ಲುವಂಥದ್ದು.
ಐಸ್ ಎಳೆಯುವ ಯಮನೂರಪ್ಪನಿಗೆ ಓದಿ ಹೇಳಿದೆ.
"ಗಟ್ಟಿ ಐತಿ ಅಂತಲ್ರೀ ಅಕ್ಕಾರ, ಮತ್ಯಾಕ ಚಿಂತಿ?"

ಚಿಂತೆ ಅದೇ, ಯಮನೂರಪ್ಪ. ಇದು ಕರಗುವುದಿಲ್ಲ.
ಸುಡೋ ಅಂದರೂ ಸುಡುವುದಿಲ್ಲ.
ಒಳಗಿನಿಂದ ತೆಗೆಯಲಾಗದ ಚಿಲಕ,
ಹೊರಗೆ ಯಾರೋ ಕೈಯಾರೆ ಹಾಕಿದ್ದು.

ಹೊರಗೆ ಎಂದು ಹೇಳಿಕೊಂಡ ಮೇಲೆಯೇ ಹೊಳೆದದ್ದು.
ಮೀನಿನ ಕಿವಿರು ಎತ್ತಿ ನೋಡುವ ಬೆರಳಿನಲ್ಲಿ
ಅಂಚು ಸವರುತ್ತ ಬಂದೆ. ಮುಂಬದಿಯಲ್ಲಿ
ಉಗುರಿನ ತುದಿಯಷ್ಟು ಗುಂಡಿ, ಉಪ್ಪುಗಾಳಿಗೆ ಕಚ್ಚಿಕೊಂಡಿದೆ.
ತಲೆಯಿಂದ ಪಿನ್ನು ಎಳೆದು, ತೆಂಗಿನೆಣ್ಣೆ ಅದರಲ್ಲೇ ಇತ್ತು, ನೂಕಿದೆ.

ಟಿಕ್.

ಎಂಟು ದಿನಕ್ಕೆ ಇಷ್ಟು ಸಣ್ಣ ಶಬ್ದ.

ಮೂಲೆಯಲ್ಲಿ ಬೀಸಣಿಗೆ ಬಿಚ್ಚಿತು.
ಗಾಳಿಯಲ್ಲಿ ಇಷ್ಟು ಜನ ಇದ್ದಾರೆಂದು ಗೊತ್ತೇ ಇರಲಿಲ್ಲ:
ಡೀಸೆಲ್ ಬಂಕಿನವರು, ಬಲೆ ಅಂಗಡಿ, ಮೇಲಿನ ಲಾಡ್ಜು,
ಮಾತು ಬಿಟ್ಟು ಮೂರು ವರ್ಷವಾದ ಪಕ್ಕದ ಪ್ಲಾಂಟಿನ ಸುಗುಣಕ್ಕ.
ಅವಳದ್ದೇ ಎಲ್ಲರಿಗಿಂತ ಗಟ್ಟಿ, ಗೆರೆ ಪೂರ್ತಿ ತುಂಬಿದೆ.
ಎಲ್ಲರ ಹೆಸರಿನ ಪಕ್ಕದಲ್ಲೂ ಪುಟ್ಟ ಬೀಗ.

ನಮ್ಮದರ ಪಾಸ್‌ವರ್ಡು ಯಜಮಾನರಲ್ಲಿ. ಧಕ್ಕೆಯ ತುದಿಯಿಂದ
ಕ್ರಷರ್ ಮೀರಿಸಿ ಒಂದೊಂದೇ ಅಕ್ಷರ ಕೂಗಿದರು.
ಈಗ ಅದು ಇಡೀ ಮಲ್ಪೆಗೆ ಗೊತ್ತು.

ನೆಟ್ ಬಂತು. ಯಾಕೆ ಬೇಕಿತ್ತೆಂದು
ಆ ಹೊತ್ತಿಗೆ ನೆನಪಾಗಲಿಲ್ಲ.
ಲೆಕ್ಕದ ಪುಸ್ತಕದಲ್ಲೇ ಆಜ್ಞೆಗಳನ್ನು ಬರೆದಿಟ್ಟೆ,
"ನಲವತ್ತು ಬ್ಲಾಕ್, ಬಾಕಿ" ಎಂಬುದರ ಕೆಳಗೆ.
ಕಿಟಕಿಯಿಂದ ಗಾಳಿ. ಕೂದಲೆಲ್ಲ ಮುಖಕ್ಕೆ.
ಪಿನ್ನು ಎಲ್ಲಿಟ್ಟೆ?