ಕುರುಂತೋಟಿಯ ತೂಕ

ಬದಿಯಡ್ಕದ ಮೇಲಿನ ಪೇಟೆಯಲ್ಲಿ ನಮ್ಮ ಮದ್ದಿನಂಗಡಿ.
ಚೀಟಿ ಬರುವುದು ಮಲಯಾಳದಲ್ಲಿ, ಚೌಕಾಸಿ ತುಳುವಿನಲ್ಲಿ.
ಲೆಕ್ಕ ಮಾತ್ರ ನಾನು ಕನ್ನಡದಲ್ಲೇ ಬರೆಯುವುದು,
ಅಪ್ಪ ಗೆರೆ ಹಾಕಿಟ್ಟ ಉದ್ದ ಪುಸ್ತಕದಲ್ಲಿ.

ಗೋಣಿಗೊಂದು ವಾಸನೆ.
ಕಣ್ಣು ಕಟ್ಟಿದರೂ ಹೇಳಿಯೇನು:
ಇದು ನನ್ನಾರಿ, ಇದು ಬಜೆ,
ಇದು ಇಲಿ ಹೊಕ್ಕ ಹಿಪ್ಪಲಿ.
ಕುರುಂತೋಟಿಗೆ ತನ್ನದೆಂಬ ವಾಸನೆಯಿಲ್ಲ.
ಇದ್ದರೆ ಮಣ್ಣಿನದು;
ಅದೂ ಚನಿಯಾರು ಹೊರೆ ಇಳಿಸಿದ ದಿನ,
ತೊಳೆಯುವ ಮೊದಲು.

ಮೂವತ್ತು ವರ್ಷ ತಂದಳು, ಬೇರು ತುಂಡಾಗದ ಹಾಗೆ.
ಎಳೆದರೆ ಬರುವ ಗಿಡವಲ್ಲವಂತೆ.
ಮಳೆ ಬಿಟ್ಟ ಮೂರನೇ ದಿನ ಪಾರೆ ಹತ್ತಬೇಕು,
ಕಾಲು ಅಗಲಿಸಿ ನಿಂತು, ಉಸಿರು ಕಟ್ಟಿ.
ಐದು ಕಿತ್ತರೆ ಆರನೆಯದನ್ನು ಬಿಡಬೇಕು.
ಯಾಕೆ, ಎಂದೆ.
ಅದು ನೋಡಿಕೊಂಡಿರಲಿ, ಎಂದಳು.

ಈಗ ಆ ಪಾರೆಯಲ್ಲಿ ಕಲ್ಲು ಕೊಯ್ಯುವ ಯಂತ್ರ.
ಸಂಜೆ ಬಸ್ಸಿನ ಸೀಟಿನಲ್ಲಿ
ನಮಗಿಂತ ಮೊದಲೇ ಕೆಂಪು ಧೂಳು ಕೂತಿರುತ್ತದೆ.
ಕುರುಂತೋಟಿ ಲಾರಿಯಲ್ಲಿ ಬರುತ್ತದೆ,
ಘಟ್ಟದಾಚೆಯ ಯಾವುದೋ ಊರಿಂದ,
ಪ್ಲಾಸ್ಟಿಕ್ ಚೀಲದ ಬಾಯಿಗೆ ಹೊಲಿಗೆ ಹಾಕಿಸಿಕೊಂಡು.

ನಿನ್ನೆ ಬಂದಳು. ತಲೆಯ ಮೇಲೆ ಹೊರೆಯಿಲ್ಲ.
ಒಂದು ಕೈ ಮೊಣಕಾಲಿಗೆ, ಒಂದು ಕೈ ಬಾಗಿಲಿಗೆ,
ಮೂರು ಮೆಟ್ಟಿಲಿಗೆ ಮೂರು ಸಲ ನಿಂತು.
ಎಲೆಯಡಿಕೆ ಚೀಲದಿಂದ ಚೀಟಿ ಬಿಡಿಸಿ ಕೊಟ್ಟಳು.
ಓದಿದೆ: ಕುರುಂತೋಟಿ, ನೂರು ಗ್ರಾಂ. ಒಣಶುಂಠಿ. ದೇವದಾರು.
ಬೆಂಚಿನಲ್ಲಿದ್ದ ಅಂತುಂಞಿಚ್ಚ ತಡೆಯಲಾರದೆ
"ಕುರುಂತೋಟಿಗೇ ವಾತವಾ!" ಎಂದ.
ಗಾದೆ ಹಳೆಯದು. ಎಲ್ಲರೂ ನಕ್ಕೆವು.
ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು.

ಆಮೇಲೆ ಒಂದು ತುಂಡು ಎತ್ತಿ ಮುರಿದಳು,
ವಸಡಿನಲ್ಲೇ ಅಗಿದು ನೋಡಿದಳು.
"ಮುಕ್ಕಾಲು ಕಡ್ಡಿ. ಇದನ್ನು ಕಿತ್ತವರು
ಮಳೆಗೆ ಕಾಯಲಿಲ್ಲ."

ನನಗೆ ದರ ಹೇಳಲು ನಾಲಗೆ ಬರಲಿಲ್ಲ.
ಹಿಂದಿನ ಪುಟಗಳಲ್ಲಿ ಅವಳದೇ ಹೆಸರು:
ಕಿಲೋಗೆ ಎಂಟು, ಕಿಲೋಗೆ ಹನ್ನೊಂದು,
ಒದ್ದೆಯಿದೆಯೆಂದು ಕಳೆದ ಕಾಲು ಕಿಲೋ,
ಅಪ್ಪನ ಅಕ್ಷರ, ಆಮೇಲೆ ನನ್ನದು.
ದುಡ್ಡು ಬೇಡ ಎನ್ನಬಹುದಿತ್ತು.
ಎನ್ನುವಷ್ಟರಲ್ಲಿ ಅವಳು ಎಣಿಸಿ ಇಟ್ಟಾಗಿತ್ತು.

ಕಾಗದದಲ್ಲಿ ಕಟ್ಟಿ ಕೊಟ್ಟೆ.
ಕಟ್ಟು ಬಿಚ್ಚಿದಳು. ಐದು ತುಂಡು ಎಣಿಸಿ,
ಆರನೆಯದನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು
ಮೆಟ್ಟಿಲಿಳಿದಳು.

ಪುಸ್ತಕದಲ್ಲಿ ಇದನ್ನು ಎಲ್ಲಿ ಬರೆಯಲಿ,
ಜಮೆಗೋ, ಖರ್ಚಿಗೋ?
ಬೆಳಿಗ್ಗೆ ಯಾರೋ ಜೀರಿಗೆ ಕೇಳಿದರು.
ತುಂಡನ್ನು ತೆಗೆದೆ, ಜೀರಿಗೆ ತೂಗಿದೆ,
ಮತ್ತೆ ಅಲ್ಲೇ ಇಟ್ಟೆ.