ಎಡಗಡೆಯ ಮಡ್‌ಗಾರ್ಡು

ಮೊದಲು ಕೈಗೆ ಬಿಳಿ ಗವಸು ಹಾಕಿಸಿದರು.
ನಾವು ನಾಲ್ವರು, ಸಲ್ಮಾಬಾದಿನ ಗ್ಯಾರೇಜಿನವರು,
ಉಗುರ ಸಂದಿಯ ಗ್ರೀಸು ಯಾರಿಗೂ ಕಾಣದ ಹಾಗೆ
ಕೆಂಪು ಕಾರನ್ನು ಮೆಲ್ಲಗೆ ತಳ್ಳಿ
ದೀಪಗಳ ಕೆಳಗೆ ನಿಲ್ಲಿಸಬೇಕು.
ಇಂಜಿನ್ ಚಾಲೂ ಮಾಡುವ ಹಾಗಿಲ್ಲ, ಹೋಟೆಲಿನ ಕಾರ್ಪೆಟ್ಟು.

ಅರವತ್ತೇಳನೇ ಇಸವಿ, ಇಟಲಿಯಲ್ಲಿ ಹುಟ್ಟು.
ಇಂಜಿನ್ನಿನ ನಂಬರು ಚಾಸಿಗೆ ಹೊಂದುತ್ತದೆ,
ಗೇರಿನ ಪೆಟ್ಟಿಗೆಯೂ ಅದೇ ಹೆರಿಗೆಯದು
ಎಂದು ಬೋ ಕಟ್ಟಿದ ದೊರೆ ಓದಿದ,
ಜಾತಕ ಕೂಡಿಸುವ ಭಟ್ಟರ ದನಿಯಲ್ಲಿ.
ಆಮೇಲೆ ಸ್ವಲ್ಪ ತಡೆದು:
ಬಣ್ಣ ಕಾರ್ಖಾನೆಯದೇ. ಈವರೆಗೆ ಯಾರೂ ಮುಟ್ಟಿಲ್ಲ.

ಯಾರೂ.

ಅಲ್ಲಿಗೆ ಉಮರಬ್ಬ ಯಾರೂ ಅಲ್ಲ ಅಂತಾಯಿತು.

ಹಾಜಿ ಜಾಸಿಮರ ಮಗ ಸಾಖೀರ್ ರಸ್ತೆಯ
ಕಂಬಕ್ಕೆ ಕೊಟ್ಟ ರಾತ್ರಿ, ಈ ಎಡಗಡೆಯ ಮಡ್‌ಗಾರ್ಡು
ಸುಟ್ಟ ಹಪ್ಪಳದ ಹಾಗೆ ಮುದುಡಿ ಬಂದಿತ್ತು.
ಎಲ್ಲರೂ ಹೊಸತು ಮಾಡುತ್ತಾರೆ,
ಉಮರಬ್ಬ ಹಳತು ಮಾಡಿದರು.
ಪುಟ್ಟಿ ಬೇಡ, ಮೀಟರಿಟ್ಟರೆ ಸಿಕ್ಕಿಬೀಳುತ್ತೇವೆ.
ಮರದ ಸುತ್ತಿಗೆ, ಮರಳಿನ ಚೀಲ,
ಹನ್ನೊಂದು ವಾರ ಟಕ್ ಟಕ್,
ಶುಕ್ರವಾರದ ನಮಾಜಿಗೆ ಮಾತ್ರ ಬಿಡುವು.

ಬಣ್ಣ ಕಲೆಸಿದವನು ನಾನು.
ಕೆಂಪು ಸುಲಭ. ಕಷ್ಟ ಐವತ್ತು ವರ್ಷದ ಬಿಸಿಲು,
ಅದು ಡಬ್ಬಿಯಲ್ಲಿ ಸಿಗುವುದಿಲ್ಲ.
ಗ್ಯಾರೇಜಿನ ಮಾಡಿಗೆ ಹತ್ತಿಸಿ
ಎರಡು ಬೇಸಗೆ ಒಣಗಿಸಿದೆವು, ಸಂಡಿಗೆಯ ಹಾಗೆ,
ಸಂಜೆಗೊಮ್ಮೆ ಏಣಿ ಹತ್ತಿ, ಧೂಳು ಒರೆಸಿ, ದಿಕ್ಕು ತಿರುಗಿಸಿ.
ಮೂರನೆಯ ಜೂನಿನಲ್ಲಿ ಉಮರಬ್ಬ
ಕಣ್ಣು ಕಿರಿದು ಮಾಡಿ ನೋಡಿ ಹೇಳಿದರು:
"ಬೆಂದಿದೆ. ಇಳಿಸು."

ಹಾಜಿಯವರು ತಲಾ ಇಪ್ಪತ್ತು ದಿನಾರು ಕೊಟ್ಟು
ತುಟಿಯ ಮೇಲೆ ಬೆರಳಿಟ್ಟರು.

ಬೆಳಿಗ್ಗೆ ತಪಾಸಣೆಯವನು ಬಂದಿದ್ದ.
ಬಾಗಿಲಿಗೆ ಮೀಟರಿಟ್ಟ: ನೂರ ಹತ್ತು.
ಬಲಗಡೆಗೆ ಇಟ್ಟ: ನೂರ ಹದಿನಾಲ್ಕು.
ಎಡಗಡೆಗೆ ಇಡುವಾಗ ನಾನು ಉಸಿರು ಬಿಡಲಿಲ್ಲ.
ನೂರ ಹನ್ನೆರಡು. ಟಿಕ್ ಹಾಕಿ ಮುಂದೆ ಹೋದ.

ಈಗ ಅಂಕಿಗಳು ಏಳುತ್ತಿವೆ.
ಮೂರು ಲಕ್ಷ ದಿನಾರು. ಮೂರು ಇಪ್ಪತ್ತು.
ಮುಂದಿನ ಸಾಲಿನಲ್ಲಿ ಒಂದು ಬಿಳಿ ತೋಳು,
ಗೋಡೆಯ ಬದಿಯಲ್ಲಿ ಫೋನು ಹಿಡಿದ ಹುಡುಗಿ
ಎಲ್ಲಿಯೋ ಇರುವ ಯಾರದೋ ಹಣಕ್ಕೆ ತಲೆಯಾಡಿಸುತ್ತಾಳೆ.
ನಮ್ಮ ಬಂದರಿನ ಧಕ್ಕೆಯಲ್ಲಿ ಬಂಗುಡೆಯ ಬುಟ್ಟಿಗೂ
ಇದೇ ಕೂಗು; ಆದರೆ ಅಲ್ಲಿ ಹೊತ್ತೇರಿದ ಹಾಗೆ
ಮೀನಿನ ಕಣ್ಣು ಮಸುಕಾಗಿ ಬೆಲೆ ಬೀಳುತ್ತದೆ.
ಇಲ್ಲಿ ಮಸುಕಿಗೇ ಬೆಲೆ.

ನಾನೊಂದು ಮಾತಾಡಿದರೆ ಅರ್ಧ ಉದುರುತ್ತದೆ.
ಗವಸಿನೊಳಗೆ ಬೆರಳು ಬೆವತವು,
ಹೆದರಿಕೆಯೋ ಹೆಮ್ಮೆಯೋ, ಈಗಲೂ ಗೊತ್ತಿಲ್ಲ.
ನಾಲ್ಕು ಲಕ್ಷದ ಹತ್ತು ಸಾವಿರ. ಒಂದು ಸಲ. ಎರಡು ಸಲ.
ದೊರೆಯದೂ ಮರದ ಸುತ್ತಿಗೆಯೇ,
ಒಂದೇ ಪೆಟ್ಟು.

ರಾತ್ರಿ ಕ್ಯಾಂಪಿನ ಮೆಟ್ಟಿಲಲ್ಲಿ ಕೂತು ದೇರಳಕಟ್ಟೆಗೆ ಫೋನು.
ಕೈ ನಡುಗುವುದರಿಂದ ಮೊಮ್ಮಗಳು ಕಿವಿಗೆ ಹಿಡಿಯುತ್ತಾಳೆ.
ಬೆಲೆ ಹೇಳಿದೆ. ಎರಡು ಸಲ ಹೇಳಿದೆ.
"ಅದಿರಲಿ ಮಾರಾಯ," ಎಂದರು ಉಮರಬ್ಬ,
"ಮೇಲೆ ಉದ್ದದ ಟ್ಯೂಬ್‌ಲೈಟ್ ಇತ್ತಾ?
ಅದರ ಗೆರೆ ಮಡ್‌ಗಾರ್ಡಿನ ಮೇಲೆ ನೆಟ್ಟಗೆ ಹರಿಯಿತಾ,
ಇಲ್ಲಾ ಹೆಡ್‌ಲೈಟಿನ ಹತ್ತಿರ ಕೊಂಕಿತಾ?"

ಎಳ್ಳಿನಷ್ಟು ಕೊಂಕಿತ್ತು.
ತಳ್ಳುವ ನೆಪದಲ್ಲಿ ಬಗ್ಗಿ ನೋಡಿದ್ದೆ.

"ನೆಟ್ಟಗಿತ್ತು," ಎಂದೆ.

ಸುಮಾರು ಹೊತ್ತು ಆ ಕಡೆಯಿಂದ
ಫ್ಯಾನಿನ ಸದ್ದು ಮಾತ್ರ. ಆಮೇಲೆ ನಗು.
"ಸುಳ್ಳು ಹೇಳ್ತೀಯ.
ಅಲ್ಲಿ ಒಂದು ಪೆಟ್ಟು
ಬೇಕೂಂತಲೇ ಬಿಟ್ಟಿದ್ದೆ ನಾನು."